ಮೂರು ಬೆರಳಿನ ರೊಟ್ಟಿ

"ಓಣಿಯವರೆಲ್ಲ ರೊಟ್ಟಿ ಸುಡಿಸೋ ಒಲೆಮನೇಲಿ ನಿಮ್ಮ ರೊಟ್ಟಿ ಬೇರೆಯವರದರ ಜೊತೆ ಸೇರಿಹೋಗಬಾರದಲ್ವಾ? ಗುರುತಿಗೆ ಏನಾದ್ರೂ ಮಾಡಿ," ಎಂದಳು ಬತೂಲ್ ಮಕ್ಕಳಿಗೆ. ಆ ದಿನದ ಅನಾಹುತಕ್ಕೆಲ್ಲ ಅಷ್ಟು ಮಾತೇ ಸಾಕಾಯಿತು.

ಮೆಕ್ನೆಸ್ ಪಟ್ಟಣದ ಆ ಶಿಶುವಿಹಾರದಲ್ಲಿ ಅವಳ ಟೀಚರ್ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮಕ್ಕಳು ಗುಂಪಾಗಿ, ಕೈಯಾರೆ ಮಾಡಿ ಕಲಿಯುವುದನ್ನು ನೋಡಲು ಮಧ್ಯಾಹ್ನ ಇನ್‌ಸ್ಪೆಕ್ಟರಮ್ಮ ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ ಎಂದು ಯಜಮಾನಿ ಲಲ್ಲಾ ಝಹೂರ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

ನಾಲ್ಕು ನಾಲ್ಕು ಮಕ್ಕಳು ಒಂದೊಂದು ಮಣ್ಣಿನ ಬೋಗುಣಿಯ ಸುತ್ತ ಕುಳಿತು ಹಿಟ್ಟು ನಾದಿದರು. ನಾದಿದ್ದಕ್ಕಿಂತ ಮೆತ್ತಿಕೊಂಡದ್ದೇ ಹೆಚ್ಚು. ಪುಟ್ಟ ವಿಯಾಮ್ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಿದ್ದಳು. ಕೊನೆಗೆ ಎಲ್ಲರೂ ಅಂಗೈಯಗಲ ರೊಟ್ಟಿ ತಟ್ಟಿದರು. ವಿಯಾಮ್ ತನ್ನದರ ಮೇಲೆ ಮೂರು ಬೆರಳು ಒತ್ತಿದಳು. ಇನ್ನೊಬ್ಬ ಅಂಚನ್ನು ಚಿವುಟಿದ. ಮತ್ತೊಬ್ಬಳು ನಡುವೆ ಗೀರು ಹಾಕಿದಳು. ಎಂಥ ಕಲ್ಪನೆ ಎಂದು ಬತೂಲ್ ಹಿಗ್ಗಿದಳು. ರೊಟ್ಟಿ ಜೋಡಿಸಿದ ಹಲಗೆಯನ್ನು ತಾನೇ ತಲೆಯ ಮೇಲೆ ಹೊತ್ತು ಓಣಿಯ ಒಲೆಮನೆಗೆ ಕೊಟ್ಟು ಬಂದಳು.

ಮರಳಿ ತರಲು ಹೋದಾಗ ಹಲಗೆ ಬರಿದಾಗಿತ್ತು.

"ಅಲ್ಲಾಲಜ್ಜ, ನನ್ನ ರೊಟ್ಟಿ ಎಲ್ಲಿ?"

"ಆಗಲೇ ಮನೆಮನೆಗೆ ಕಳಿಸ್ಬಿಟ್ಟೆ ಮಗಳೇ," ಎಂದ ಒಲೆಮನೆಯ ಮುದುಕ. "ಮೂರು ಬೆರಳಿಂದು ತಾಮೂ ಮನೇದು, ಅಂಚು ಚಿವುಟಿದ್ದು ಬಡಗಿ ಮನೇದು. ಹಲಗೆ ಯಾರೇ ತರಲಿ, ಗುರುತು ನೋಡಿದ್ರೆ ನನಗೆ ಗೊತ್ತಾಗಲ್ವಾ? ಇವತ್ತೇನು ರೊಟ್ಟಿ ಇಷ್ಟು ಪುಟ್ಟದು, ಓಣಿಯ ಹೆಂಗಸರಿಗೆಲ್ಲ ಒಟ್ಟಿಗೇ ಕೈನೋವು ಬಂತಾ ಅಂತ ಆಶ್ಚರ್ಯ ಆಯ್ತು ನೋಡು."

ಆಗ ಬತೂಲ್‌ಗೆ ಹೊಳೆಯಿತು: ಮಕ್ಕಳು ತಮ್ಮ ತಮ್ಮ ಅಮ್ಮಂದಿರು ದಿನವೂ ಹಾಕುವ ಮನೆಯ ಗುರುತನ್ನೇ ಹಾಕಿದ್ದರು. ಶಿಶುವಿಹಾರಕ್ಕೆ ಓಡಿಬಂದರೆ ಅಂಗಳದ ತುಂಬ ಅಮ್ಮಂದಿರು. ಎಲ್ಲರ ಕೈಯಲ್ಲೂ ರೊಟ್ಟಿ. ಮುಂದೆ ವಿಯಾಮ್‌ಳ ತಾಯಿ ತಾಮೂ.

"ಟೀಚರಮ್ಮಾ, ಈ ಕಲ್ಲಿಗೆ ನಮ್ಮನೆ ಗುರುತ್ಯಾಕೆ? ನಮ್ಮತ್ತೆ ಕಚ್ಚಿ, 'ನನ್ನ ಮಗನಿಗೆ ಇದನ್ನೇ ತಿನ್ನಿಸ್ತಿದೀಯಾ' ಅಂತ ಶುರು ಮಾಡಿದಾರೆ. ಇದ್ದದ್ದೇ ಎರಡು ಹಲ್ಲು ಅವರಿಗೆ!"

"ಮಕ್ಕಳು ಮಾಡಿದ್ದು, ತಾಮೂ..."

"ಹಿಟ್ಟು ಉಬ್ಬೋಕೆ ಬಿಟ್ರಾ?"

"ಹೊತ್ತಿರಲಿಲ್ಲ."

"ಹೇಳಿಕೊಡೋರಿಗೇ ಗೊತ್ತಿಲ್ಲ! ಸರೀರಿ ಆ ಕಡೆ. ನೀರಾದ್ರೂ ತರ್ತೀರಾ?"

ಅಮ್ಮಂದಿರು ತೋಳೇರಿಸಿ ಬೋಗುಣಿಗಳ ಸುತ್ತ ಕುಳಿತರು. ಮಕ್ಕಳು ಅವರ ಮೊಣಕಾಲಿಗೆ ಅಂಟಿಕೊಂಡು ನಾದತೊಡಗಿದರು. ಬತೂಲ್ ಬಕೆಟ್ ಹಿಡಿದು ಬರುವುದಕ್ಕೂ ಇನ್‌ಸ್ಪೆಕ್ಟರಮ್ಮ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

"ತಾಯಂದಿರೇ ಕಲಿಸೋ ಶಿಶುವಿಹಾರ! ನಾನು ಎಲ್ಲೂ ನೋಡಿರಲಿಲ್ಲ," ಎಂದು ಅವರು ಕಣ್ಣರಳಿಸಿದರು. ಆಮೇಲೆ ಬಕೆಟ್ಟಿನ ಕಡೆ ತಿರುಗಿ, "ಇವರು ಯಾರು?" ಎಂದರು.

"ನೀರು ತರೋಳು," ಎಂದಳು ಝಹೂರ. ಬತೂಲ್ ಬೋಗುಣಿಗೆ ನೀರು ಸುರಿದಳು.

ಇನ್‌ಸ್ಪೆಕ್ಟರಮ್ಮ ಬಿಸಿ ಚಹಾ ಕುಡಿದು, ಹೀಗೇ ಮುಂದುವರಿಸಿ ಎಂದು ಹೊರಟುಹೋದರು. ಝಹೂರ ಬತೂಲ್‌ಳನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು.

"ಗೆದ್ವಿ ಕಣೇ!"

"ಹಾಗಾದ್ರೆ... ನನ್ನ ಕೆಲಸ?"

"ಅವರು ಹೇಳಿದ್ದು ಕೇಳಿಸ್ಲಿಲ್ವಾ? ನಾಳೆಯಿಂದ ತಾಯಂದಿರೇ ಸರದಿ ಮೇಲೆ ಬರ್ತಾರೆ. ಸಂಬಳಾನೂ ಬೇಡವಂತೆ." ಝಹೂರಳ ಮುಖದಲ್ಲಿ ನಿಜವಾದ ಕನಿಕರವೇ ಇತ್ತು. "ನಿನಗೂ ಇಲ್ಲೊಂದು ಮಗು ಇದ್ದಿದ್ರೆ ನೀನೂ ಬಂದು ಕಲಿಸಬಹುದಿತ್ತು, ಪಾಪ."