ಮಾವನ ಅಜೇಲಿಯಾ ಮತ್ತು ಹುಳಿ ಮಜ್ಜಿಗೆ

ನನ್ನ ಸೋದರಮಾವ ಮಣ್ಣು ತಿನ್ನುತ್ತಾರೆ ಎಂದು ಬಂದ್ಯೋಡಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಶುದ್ಧ ಅಪಪ್ರಚಾರ. ಅವರು ಮಣ್ಣನ್ನು ನೆಕ್ಕಿ ನೋಡುತ್ತಾರೆ, ಅಷ್ಟೇ. ನುಂಗುವುದಿಲ್ಲ! ಇಷ್ಟು ಸಣ್ಣ ವ್ಯತ್ಯಾಸ ತಿಳಿಯದ ಊರಿನಲ್ಲಿ ಅವರು ನಿವೃತ್ತಿಯವರೆಗೆ ಹೈಸ್ಕೂಲು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿದರಲ್ಲ ಎಂದು ನೆನೆದರೆ ಕನಿಕರವಾಗುತ್ತದೆ.

ನೆಕ್ಕುವುದಕ್ಕೆ ಕಾರಣ ಅಜೇಲಿಯಾ. ಮೂರು ವರ್ಷದ ಹಿಂದೆ ಮಡಿಕೇರಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಆ ಮನೆಯ ಅಂಗಳದಲ್ಲಿ ಸೊಂಟದೆತ್ತರದ ಒಂದು ಪೊದೆ. ಎಲೆಯೇ ಕಾಣದ ಹಾಗೆ ಮೈತುಂಬ ಗುಲಾಬಿ ಬಣ್ಣದ ಹೂ. ಮೊದಲ ಪಂಕ್ತಿಯ ಊಟವನ್ನು ಜನ್ಮದಲ್ಲಿ ತಪ್ಪಿಸಿಕೊಳ್ಳದ ನನ್ನ ಅತ್ತೆ, ಎಂದರೆ ಮಾವನ ಹೆಂಡತಿ, ಅವತ್ತು ಆ ಹೂವಿನ ಎದುರು ನಿಂತು ಎರಡು ಪಂಕ್ತಿ ತಪ್ಪಿಸಿಕೊಂಡರು! ಹಿಂದಿರುಗುವಾಗ ಕಾರಿನಲ್ಲಿ ಅತ್ತೆ "ಆ ಗಿಡ..." ಎಂದು ಬಾಯಿ ತೆರೆದದ್ದೇ ತಡ, ಮಾವ "ನಮ್ಮ ಸೆಕೆಗೆ ಅದು ಆಗ್ಲಿಕ್ಕಿಲ್ಲ" ಎಂದು ಮುಗಿಸಿಬಿಟ್ಟರು.

"ಹಾಗಾದ್ರೆ ನಿಮ್ಮ ಕೆಮಿಸ್ಟ್ರಿ ಎಂತಕ್ಕೆ?" ಎಂದು ಅತ್ತೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ದಿನದ ನನ್ನ ಡೈರಿ ತೆಗೆದು ನೋಡಿದರೆ ಇರುವುದು ಇಷ್ಟೇ: "ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಘಾಟಿಯಲ್ಲಿ ನನಗೆ ವಾಂತಿ." ಹಾಗಾದರೆ ಆ ಪ್ರಶ್ನೆ ಕೇಳಿದ್ದು ಯಾರು? ನಾನೇ ಆಮೇಲೆ ಅತ್ತೆಯ ಬಾಯಿಗೆ ತುರುಕಿದೆನೋ ಏನೋ. ಡೈರಿ ಬರೆಯುವವರ ದೊಡ್ಡ ಕಷ್ಟವೇ ಇದು, ನೆನಪಿಗಿಂತ ಡೈರಿ ಯಾವಾಗಲೂ ಸಪ್ಪೆ!

ಮರುವಾರ ಮಾವ ಒಬ್ಬರೇ ಮಡಿಕೇರಿ ಬಸ್ಸು ಹತ್ತಿದರು. ಬರುವಾಗ ಅಜೇಲಿಯಾ ಗಿಡವೊಂದನ್ನು ಕಿಟಕಿ ಪಕ್ಕ ಕೂರಿಸಿ, ಹೆಗಲ ಮೇಲಿನ ಬೈರಾಸನ್ನು ಒದ್ದೆಮಾಡಿ ಹೊದಿಸಿ, ತಾವು ನಿಂತುಕೊಂಡೇ ಬಂದರಂತೆ. ಸುಳ್ಯ ದಾಟಿ ಸೆಕೆ ಏರಿದಂತೆ ಬಸ್ಸಿನಲ್ಲಿ ರಶ್ಶೂ ಏರಿತು. ಸೀಟಿನಲ್ಲಿ ಯಾರು ಎಂದು ಕಂಡಕ್ಟರ್ ಕೇಳಿದ. "ಪೇಶೆಂಟ್" ಎಂದರು ಮಾವ. ಬೈರಾಸಿನ ಒಳಗೆ ಇಣುಕಿ ನೋಡಿದ ಕಂಡಕ್ಟರ್, ಎರಡನೆಯ ಪೇಶೆಂಟಿನ ಮುಖವನ್ನೂ ಒಮ್ಮೆ ನೋಡಿ, ಸೀದಾ ಮುಂದೆ ಹೋದ!

ಅಜೇಲಿಯಾಕ್ಕೆ ಹುಳಿ ಮಣ್ಣೇ ಆಗಬೇಕು ಎಂದು ಮಾವ ಓದಿಕೊಂಡಿದ್ದರು. ಮಣ್ಣಿನ ಹುಳಿ ಅಳೆಯಲು ಕಾಗದದ ಪಟ್ಟಿ ಸಿಗುತ್ತದಲ್ಲ ಎಂದರೆ, ದೇವರು ಕೊಟ್ಟ ನಾಲಿಗೆ ಇರುವಾಗ ಕಾಗದ ಯಾಕೆ ಎಂಬುದು ಅವರ ವಾದ. ಹೀಗೆ ಶುರುವಾಯಿತು ನೋಡಿ ಮಣ್ಣಿನ ರುಚಿ ನೋಡುವ ಯಾತ್ರೆ. ಮೊಗ್ರಾಲ್ ಹೊಳೆಬದಿಯ ಮರಳಿಗೆ ಉಪ್ಪು ಜಾಸ್ತಿ ಎಂದು ತಳ್ಳಿಹಾಕಿದರು. ಅಗಲ್ಪಾಡಿಯಲ್ಲಿ ನಮ್ಮ ತೋಟಕ್ಕೆ ಬಂದು, ಒಂದು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು, ಕಣ್ಣುಮುಚ್ಚಿ, "ಸುಣ್ಣ ಜಾಸ್ತಿ ಆಗಿದೆ ಭಾವ" ಎಂದು ತೀರ್ಪು ಕೊಟ್ಟರು. ಭಾವ ಎಂದರೆ ನನ್ನ ಅಪ್ಪ. ಅವರು ತಣ್ಣಗೆ ಕೇಳಿದರು: "ಮಣ್ಣಿನದ್ದೋ, ನೀವು ಈಗ ಹಾಕಿದ ಎಲೆಯಡಿಕೆಯದ್ದೋ?"

ಆಗ ನಾನು ಕಾಫಿ ಹಿಡಿದು ಅಲ್ಲೇ ನಿಂತಿದ್ದೆ. ಅಥವಾ ಈ ಕತೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಕಾಫಿ ಸಮೇತ ನಾನೇ ಅದರೊಳಗೆ ಹೋಗಿ ನಿಂತುಕೊಂಡಿದ್ದೇನೆ.

ಕೊನೆಗೆ ತಮ್ಮದೇ ಹಿತ್ತಿಲಿನ ಕೆಂಪು ಮಣ್ಣೇ ಸೈ ಎಂದಾಗಿ, ಅದನ್ನು ಕಲಸಿ ತುಂಬಿದ ಕುಂಡದಲ್ಲಿ ಗಿಡ ಜಗಲಿಯೆದುರು ಕೂತಿತು. ಹುಳಿ ಇಳಿಯಬಾರದೆಂದು ಸಂಜೆಗೊಂದು ಸಲ ನೀರು ಬೆರೆಸಿದ ಹುಳಿ ಮಜ್ಜಿಗೆ. ಫ್ರಿಜ್ಜಿನ ಕೆಳಗಿನ ಅರೆ ಪೂರ್ತಿ ಗಿಡದ್ದು. ಒಮ್ಮೆ ಪಂಚಾಯತು ಮೆಂಬರರು ಬಿಸಿಲಿನಲ್ಲಿ ಬಂದಾಗ ಅತ್ತೆ ಗಡಿಬಿಡಿಯಲ್ಲಿ ಆ ಅರೆಯ ಬಾಟ್ಲಿಯಿಂದಲೇ ಒಂದು ಗ್ಲಾಸು ಕೊಟ್ಟರು. ಮೆಂಬರರು ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಗೋಡೆ ಹಿಡಿದುಕೊಂಡರು. ಅದು ಗಿಡದ್ದು, ಆರು ದಿನದ್ದು ಎಂದು ಮಾವ ಹೆಮ್ಮೆಯಿಂದ ವಿವರಿಸಿದರು. ಮೆಂಬರರು ಗ್ಲಾಸನ್ನು ದೂರ ಸರಿಸಿ, "ಇನ್ನು ಮುಂದೆ ಗಿಡಕ್ಕೇ ಕೊಡಿ ಮಾಸ್ಟ್ರೇ. ಅದಕ್ಕೆ ಓಟಿಲ್ಲ" ಎಂದರು!

ಮತ್ತೆ ಸೆಕೆ. ಏಪ್ರಿಲ್ ತಿಂಗಳಲ್ಲಿ ಜಗಲಿಯ ಟೇಬಲ್ ಫ್ಯಾನು ಅಜೇಲಿಯಾದ ಕಡೆ ತಿರುಗಿತು. ಕರೆಂಟು ಹೋದರೆ ಮಾವ ಮೆಟ್ಟಿಲ ಮೇಲೆ ಕೂತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರು. ಅತ್ತೆ ಒಳಗಿಂದ ನೋಡಿ ನನಗೆ ಹೇಳಿದರು: "ನಾನು ಎರಡು ಹೆತ್ತೆ ಮಾರಾಯ್ತಿ. ಒಂದು ಸಲವೂ ನನಗೆ ಇವರು ಗಾಳಿ ಹಾಕಿದವರಲ್ಲ."

ಹೆದ್ದಾರಿಯ ಧೂಳು ತಾಗುತ್ತದೆಂದು ಕೊನೆಗೆ ಕುಂಡವು ಮನೆಯ ಹಿಂದೆ, ಬಚ್ಚಲುಮನೆಯ ನೆರಳಿಗೆ ಹೋಯಿತು. ಇಡೀ ಜಾಗದಲ್ಲಿ ತಂಪೆಂದರೆ ಅಲ್ಲೇ. ಎಲ್ಲವೂ ಸರಿಯಾಗಬೇಕಿತ್ತು. ಆದರೆ ಮೊದಲ ವರ್ಷ ಒಂದು ಮೊಗ್ಗೂ ಬರಲಿಲ್ಲ. ಎರಡನೆಯ ವರ್ಷ ಎಲೆಗಳು ಅರಸಿನವಾದವು, ನರಗಳು ಮಾತ್ರ ಹಸಿರು. ಮಾವ ಊಟ ಕಡಿಮೆ ಮಾಡಿದರು. ಊರ ಮಣ್ಣು ನೆಕ್ಕುವುದನ್ನೂ ಬಿಟ್ಟರು. ಒಂದು ಗಿಡ ಹೋದರೆ ಹೋಯಿತು, ಇಷ್ಟು ಯಾಕೆ ಎಂದು ನಾನು ಕೇಳಿದೆ.

"ಇಷ್ಟು ವರ್ಷದಲ್ಲಿ ಇವಳು ನನ್ನ ಹತ್ರ ಒಂದು ವಸ್ತು ಬೇಕು ಅಂತ ಕೇಳಿದವಳಲ್ಲ" ಎಂದರು. "ಅವತ್ತು ಕಾರಿನಲ್ಲಿ ಕೇಳ್ಲಿಕ್ಕೆ ಹೊರಟಿದ್ದಳು. ನಾನು ಪೂರ್ತಿ ಕೇಳ್ಲಿಕ್ಕೂ ಬಿಡ್ಲಿಲ್ಲ."

ಈ ಮಾತು ಮಾತ್ರ ಡೈರಿಯಲ್ಲಿ ಹೀಗೇ ಇದೆ.

ಒಂದು ತಿಂಗಳ ನಂತರ ಹೋದರೆ ಮಾವ ಸಿಳ್ಳೆ ಹಾಕುತ್ತಿದ್ದಾರೆ! ಎಲೆಗಳೇನೂ ಸುಧಾರಿಸಿರಲಿಲ್ಲ. ಆದರೆ ಮಜ್ಜಿಗೆ ಎರಡರಷ್ಟಾಗಿತ್ತು, ಜತೆಗೆ ಹಲ್ಲು ಜುಮ್ಮೆನ್ನುವಷ್ಟು ಹುಳಿಯ ಬಿಂಬುಳಿಕಾಯಿ ಕಿವುಚಿದ ನೀರು ಬೇರೆ. ಇಷ್ಟು ಖುಷಿ ಎಲ್ಲಿಂದ ಬಂತೆಂದು ನನಗೆ ಅರ್ಥವಾಗಲಿಲ್ಲ.

ಅವತ್ತು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹಿಂದೆ ಹೋದಾಗ, ಅತ್ತೆ ಬಚ್ಚಲೊಲೆಯ ಬೂದಿಯನ್ನು ಕರಟದಲ್ಲಿ ತುಂಬಿಕೊಂಡು ಬಂದು, ಅತ್ತಿತ್ತ ನೋಡಿ, ಅಜೇಲಿಯಾದ ಬುಡಕ್ಕೆ ಸುರಿದು ಕಡ್ಡಿಯಿಂದ ಮಣ್ಣು ಮುಚ್ಚುತ್ತಿದ್ದರು. ನನ್ನನ್ನು ಕಂಡು ಬಾಯಿಗೆ ಬೆರಳಿಟ್ಟರು.

"ಮಾವನಿಗೆ ಹೇಳ್ಬೇಡ. ಪಾಪ, ಅವರ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ನನ್ನ ಬಸಳೆ, ಮಲ್ಲಿಗೆ ಎಲ್ಲ ಇದರಲ್ಲೇ ಬಂದದ್ದಲ್ವಾ? ಗಿಡ ಇಲ್ಲಿಗೆ ತಂದಲ್ಲಿಂದ ದಿನಾ ಹಾಕ್ತಾ ಇದ್ದೇನೆ."

ನಾನು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ನಿಂತೆ. ನಮ್ಮೂರಲ್ಲಿ ಬೂದಿ ಬೀಳದ ಗಿಡ ಯಾವುದಿದೆ? ಆದರೆ ಬೂದಿ ಹುಳಿಯನ್ನು ಕೊಲ್ಲುತ್ತದೆ ಎಂದು ಒಂಬತ್ತನೇ ಕ್ಲಾಸಿನಲ್ಲಿ ನನಗೆ ಕಲಿಸಿದ್ದು ಸಾಕ್ಷಾತ್ ಇದೇ ಮಾವ! ಬೆಳಿಗ್ಗೆ ಅತ್ತೆಯ ಬೂದಿ, ಸಂಜೆ ಮಾವನ ಮಜ್ಜಿಗೆ. ನಡುವೆ ಆ ಬಡಪಾಯಿ ಗಿಡ ಯಾರ ಮಾತು ಕೇಳಬೇಕು?

ಕಾಫಿಯ ನಂತರ ಮಾವನ ಹತ್ತಿರ ಸುತ್ತಿಬಳಸಿ ಕೇಳಿದೆ, ಕುಂಡದ ಮಣ್ಣನ್ನು ಒಮ್ಮೆ ನೆಕ್ಕಿ ನೋಡಿದರೆ ಹೇಗೆ ಎಂದು. ಊರ ಮಣ್ಣೆಲ್ಲ ನೆಕ್ಕಿದವರು ತಾವೇ ಕಲಸಿದ ಆ ಮಣ್ಣನ್ನು ಮಾತ್ರ ಬಾಯಿಗಿಟ್ಟಿರಲಿಲ್ಲ ಎಂದು ನನ್ನ ಅಂದಾಜು.

ಮಾವ ಪೇಪರ್ ಕೆಳಗಿಟ್ಟರು. "ನೋಡಿ ಆಯ್ತು. ಬೂದಿ."

"ಅತ್ತೆಗೆ ಹೇಳಿದಿರಾ?"

"ಹೇಳಿದ್ರೆ ನಿಲ್ಲಿಸ್ತಾಳೆ."

"ಅದೇ ಬೇಕಾದ್ದಲ್ವಾ ಮಾವ?"

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. "ನೋಡು, ಅವಳು ದಿನಾ ಎದ್ದು ನನ್ನ ಗಿಡಕ್ಕೆ ಆರೈಕೆ ಮಾಡುದು. ನನಗೆ ಗೊತ್ತಿರ್ಲಿಲ್ಲ. ಅದನ್ನು ತಪ್ಪು ಅಂತ ಹೇಳುದು ಹೇಗೆ? ನಾನು ಮಜ್ಜಿಗೆ ಜಾಸ್ತಿ ಮಾಡಿದ್ದೇನೆ. ಲೆವೆಲ್ ಆಗ್ತದೆ."

ಲೆವೆಲ್ ಆಯಿತೋ, ಗಿಡವೇ ಇಬ್ಬರಿಗೂ ಸೋತಿತೋ ಗೊತ್ತಿಲ್ಲ. ಈ ಜನವರಿಯಲ್ಲಿ ಅಜೇಲಿಯಾ ಹೂ ಬಿಟ್ಟಿತು. ಮೂರೇ ಮೂರು. ಅತ್ತೆ ಬಚ್ಚಲಿನ ಹಿಂದೆ ನಿಂತವರು ದೋಸೆ ಸೀದರೂ ಕದಲಲಿಲ್ಲ. ಆಮೇಲೆ ನನ್ನನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಿದರು: "ನೋಡಿದಿಯಾ? ಬೂದಿ."

ನಾನು ಹೌದೆಂದೆ. ಒಂಬತ್ತನೇ ಕ್ಲಾಸಿನಲ್ಲಿ ಕೆಮಿಸ್ಟ್ರಿ ಪಾಸಾದವಳು ಹೇಳಬಹುದಾದ ಅತಿ ದೊಡ್ಡ ಸುಳ್ಳು ಅದು.

ಕಳೆದ ತಿಂಗಳು ಅವರ ಮಗ ತಂದುಕೊಟ್ಟ ಗೀಸರು ಇನ್ನೂ ಪೆಟ್ಟಿಗೆಯಲ್ಲೇ ಇದೆ. ಒಲೆಯಲ್ಲಿ ಕಾದ ನೀರಿನ ಸುಖ ಗೀಸರಿಗೆಲ್ಲಿ ಎಂದು ಮಾವ ಎಲ್ಲರಿಗೂ ಹೇಳುತ್ತಾರೆ. ಜೀವಮಾನದಲ್ಲಿ ಬಚ್ಚಲೊಲೆಗೆ ಬೆಂಕಿ ಹಾಕದವರು ಈಗ ತಾವೇ ಸೋಗೆ, ತೆಂಗಿನ ಸಿಪ್ಪೆ ಒಟ್ಟುತ್ತಾರೆ. ನೀರು ಕಾದು ಒಲೆ ತಣಿದ ಮೇಲೆ ಕೆಂಡದ ಚೂರುಗಳನ್ನೆಲ್ಲ ಹೆಕ್ಕಿ ತೆಗೆದು, ನಯವಾದ ಬೂದಿಯನ್ನಷ್ಟೇ ಒಲೆಯ ಬಾಯಿಗೆ, ಅತ್ತೆಯ ಕೈಗೆ ಸುಲಭವಾಗಿ ಸಿಗುವಂತೆ, ಒಟ್ಟುಮಾಡಿ ಇಡುತ್ತಾರೆ. ಆಮೇಲೆ ಕೈ ತೊಳೆದುಕೊಂಡು, ಏನೂ ಗೊತ್ತಿಲ್ಲದವರ ಹಾಗೆ, ಸಂಜೆಯ ಮಜ್ಜಿಗೆ ಕಡೆಯಲು ಕೂರುತ್ತಾರೆ.