ಮುಂದಿನ ಸೀಟಿನ ಬಾಬತ್ತು

ಇವರಿಂದ:
ಪ್ರಸನ್ನಕುಮಾರ್, ವಯಸ್ಸು ನಲವತ್ತೊಂಬತ್ತು,
ಪಾಲಿಟೆಕ್ನಿಕ್ ಉಪನ್ಯಾಸಕರು (ಮೆಕ್ಯಾನಿಕಲ್), ಭದ್ರಾವತಿ.
ವಾಸ: ತಂದೆಯವರ ಮನೆ, ರಾಗಿಗುಡ್ಡ, ಶಿವಮೊಗ್ಗ.
(ಅರ್ಜಿದಾರರ ಬಾಯಿಂದ ಕೇಳಿ ಬರೆದವನು: ಮನೋಹರ, ಅರ್ಜಿ ಬರಹಗಾರ, ಓಲ್ಡ್ ಟೌನ್, ಭದ್ರಾವತಿ.)

ಇವರಿಗೆ:
ಶ್ರೀ ಶಿವಮೂರ್ತಪ್ಪನವರು, ನಿವೃತ್ತ ಶಿರಸ್ತೇದಾರರು,
ಅರ್ಜಿದಾರರ ತಂದೆಯವರು ಹಾಗೂ ಸದರಿ ಮನೆಯ ಮಂಜೂರಾತಿ ಪ್ರಾಧಿಕಾರ,
ಅದೇ ಮನೆ, ಹಜಾರದ ಬೆತ್ತದ ಕುರ್ಚಿ.

ವಿಷಯ: ದಿನಾ ಭದ್ರಾವತಿಗೆ ಹೋಗಿಬರಲು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವ ಬಗ್ಗೆ, ಐದು ವರ್ಷದ್ದೋ, ಹದಿನೆಂಟು ವರ್ಷದ್ದೋ ಎಂದು ತೀರ್ಮಾನಿಸುವ ಕುರಿತು.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ: "ಏನಿದ್ರೂ ಬರವಣಿಗೇಲಿ ಕೊಡು."
2. ಮಿಕ್ಸಿ ಖರೀದಿ ಕುರಿತ ಹಿಂದಿನ ಅರ್ಜಿ. "ಲಗತ್ತುಗಳಿಲ್ಲ" ಎಂಬ ತಮ್ಮ ಷರಾದೊಂದಿಗೆ ಹಿಂತಿರುಗಿದ್ದು.
3. ಅರ್ಜಿದಾರರ ಪತ್ನಿ ಶ್ರೀಮತಿ ಸುಮನಾ ಬಸ್ಸು ಹತ್ತಿದ್ದು, ಫೆಬ್ರವರಿ ಮೂರು, ಮಂಗಳವಾರ.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ಬಿನ್ನವಿಸಿಕೊಳ್ಳುವುದೇನೆಂದರೆ, ಅರ್ಜಿದಾರರಿಗೆ ಹೆಂಡತಿಯ ಪಕ್ಕ ಕೂರಬೇಕಾಗಿದೆ. ಇಷ್ಟು ಹೇಳಲು ಅವರು ಈ ಬರಹಗಾರನ ಮೇಜಿನ ಮುಂದೆ ಮುಕ್ಕಾಲು ಗಂಟೆ ಇಂಜಿನ್ನು, ಮೈಲೇಜು, ಟೈರಿನ ಅಳತೆ ಎಂದು ಮಾತಾಡಿದರು. ಬರಹಗಾರನು ಇಪ್ಪತ್ತೆರಡು ವರ್ಷಗಳಿಂದ ಪಹಣಿ, ಖಾತೆ ಬದಲಾವಣೆ, ದಾಯಾದಿ ತಕರಾರು ಬರೆದವನಾದ ಕಾರಣ, ಸುತ್ತಿ ಬಳಸಿ ಮಾತಾಡುವವರ ಹೊಟ್ಟೆಯಲ್ಲಿ ಏನಿದೆಯೆಂದು ಅವನಿಗೆ ಬೇಗ ತಿಳಿಯುತ್ತದೆ. ಮನೆ, ಪೋರ್ಚು, ಗೇಟಿನ ಬೀಗ ಮೂರೂ ತಮ್ಮ ಹೆಸರಿನಲ್ಲಿರುವುದರಿಂದ ಅರ್ಜಿಯನ್ನು ತಮಗೇ ಸಲ್ಲಿಸಲಾಗಿದೆ. ಸಂಗತಿಗಳು ಹೀಗಿವೆ:

1. ಅರ್ಜಿದಾರರು ಹನ್ನೊಂದು ವರ್ಷಗಳಿಂದ ಸ್ವಂತ ಕಾರಿನಲ್ಲಿ ಭದ್ರಾವತಿಗೆ ಹೋಗಿಬರುತ್ತಾರೆ. ಸುಮನಾ ಅಲ್ಲಿನ ನ್ಯೂ ಟೌನಿನಲ್ಲಿ ಹೈಸ್ಕೂಲು ಟೀಚರು. ಅದೇ ಕಾರು, ಅದೇ ಹೊತ್ತು. ತಾವೂ ಅದೇ ಕಾರು. ಭದ್ರಾವತಿಯ ಕಚೇರಿಯಿಂದ ತಾವು ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಓಲ್ಡ್ ಟೌನಿನಲ್ಲಿ ಪಿಂಚಣಿದಾರರು ಕೂರುವ ಕಟ್ಟೆಗೆ ಒಂದು ದಿನವೂ ರಜೆ ಹಾಕಿಲ್ಲ. ಸೇವೆಯಲ್ಲಿದ್ದಾಗ ತಮ್ಮ ಹಾಜರಾತಿ ಇಷ್ಟು ಚೆನ್ನಾಗಿರಲಿಲ್ಲವೆಂದು ಈ ಬರಹಗಾರನಿಗೆ ನೆನಪಿದೆ.

2. ಕಾರಿನ ಮುಂದಿನ ಸೀಟು ಹಿರಿಯರಿಗೆ. ಇದು ಯಾವ ಕಾಯಿದೆಯಲ್ಲೂ ಬರೆದಿಲ್ಲ, ಆದ್ದರಿಂದ ತಿದ್ದುಪಡಿಗೂ ಅವಕಾಶವಿಲ್ಲ. ತಾವು ಮುಂದೆ, ಸುಮನಾ ಹಿಂದೆ, ಊಟದ ಡಬ್ಬಿ, ತಮ್ಮ ಕೊಡೆ, ಉತ್ತರ ಪತ್ರಿಕೆಗಳ ಕಟ್ಟಿನ ಜೊತೆ. ಭಾನುವಾರ ಮದುವೆಗೆ ಹೊರಟರೆ ಮಂಡಿನೋವಿನ ಸೋದರತ್ತೆ ಮುಂದೆ, ಸುಮನಾ ಮತ್ತೆ ಹಿಂದೆ. ಹೀಗಾಗಿ ಹನ್ನೊಂದು ವರ್ಷದಲ್ಲಿ ಅರ್ಜಿದಾರರು ಹೆಂಡತಿಯ ಮುಖ ನೋಡಿದ್ದು ಹೆಚ್ಚಾಗಿ ಕಾರಿನ ಕನ್ನಡಿಯಲ್ಲಿ, ಅದೂ ಹಿಂದೆ ಬರುವ ಲಾರಿಯನ್ನು ನೋಡುವಾಗ ಅಡ್ಡ ಬಂದದ್ದು.

3. ಉಲ್ಲೇಖ ಮೂರರ ದಿನ ಸುಮನಾ, "ನೀವು ಹೋಗಿರಿ, ನಾನು ಬಸ್ಸಲ್ಲಿ ಬರ್ತೀನಿ," ಎಂದು ಬ್ಯಾಗು ಹಾಕಿಕೊಂಡು ಹೊರಟರು. "ಒಳ್ಳೇದಾಯ್ತು, ಹಿಂದೆ ಅಕ್ಕಿ ಮೂಟೆ ಹಾಕ್ಬೋದು," ಎಂದಿರಿ ತಾವು. ಮಾಚೇನಹಳ್ಳಿಯ ಹತ್ತಿರ ಅದೇ ಬಸ್ಸು ಮುಂದೆ ಸಿಕ್ಕಿತು. ಹಿಂದಿಕ್ಕಲು ಬಲಕ್ಕೆ ಸರಿದಾಗ ಬಸ್ಸಿನ ಬಲಗಡೆಯ ಕಿಟಕಿಯಲ್ಲಿ ಸುಮನಾ ಕಂಡರು. ಪಕ್ಕದ ಹೆಂಗಸಿಗೆ ಏನನ್ನೋ ಹೇಳಿ, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು. ಆ ನಗುವನ್ನು ಅರ್ಜಿದಾರರು ಕಂಡು ಎಷ್ಟು ವರ್ಷವಾಯಿತು ಎಂಬ ಕಾಲಂ ಖಾಲಿ ಬಿಡಲಾಗಿದೆ.

"ಬಸ್ ಹಿಂದೆ ಯಾಕೋ ತೆವಳ್ತಾ ಇದೀಯ? ಹಾರ್ನ್ ಹೊಡ್ದು ಮುಂದೆ ಹೋಗೋ ಮಾರಾಯ," ಎಂದಿರಿ.

"ಎದ್ರುಗಡೆ ಲಾರಿ ಬರ್ತಾ ಇದೆ ಅಪ್ಪಾಜಿ," ಎಂದರು ಅರ್ಜಿದಾರರು. ಭದ್ರಾವತಿ ಮುಟ್ಟುವವರೆಗೂ ಎದುರುಗಡೆ ಲಾರಿ ಬರುತ್ತಲೇ ಇತ್ತು.

4. ಅಂದಿನಿಂದ ದಿನಾ ಬಸ್ಸಿನಲ್ಲೇ ಹೋಗುತ್ತಿರುವ ಸುಮನಾ ಈ ಮಧ್ಯೆ ಶಿವಮೊಗ್ಗಕ್ಕೇ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದು, ಅದು ಮಂಜೂರೂ ಆಗಿದೆ. ಸರ್ಕಾರವು ತಮಗಿಂತ ಬೇಗ ಕಡತ ವಿಲೇವಾರಿ ಮಾಡುತ್ತದೆ ಎಂಬುದು ಇದರಿಂದ ರುಜುವಾತಾಗಿದೆ. ಈ ವರ್ಷದ ಪಾಠ ಮುಗಿದ ಮೇಲೆ ಅವರ ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದ ಕಾರಣ ಗಂಡ ಹೆಂಡತಿ ಒಂದೇ ದಾರಿಯಲ್ಲಿ ಕೆಲಸಕ್ಕೆ ಹೋಗುವ ದಿನಗಳು ಇನ್ನು ಇಪ್ಪತ್ತಾರು ಮಾತ್ರ ಉಳಿದಿವೆ.

5. ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವನು "ಅಪ್ಪಾಜಿ, ನಾಳೆಯಿಂದ ನೀವು ಹಿಂದೆ ಕೂತ್ಕೊಳಿ" ಎನ್ನುತ್ತಾನೆ. ಅರ್ಜಿದಾರರು ಓದಿದವರಾದ್ದರಿಂದ ಹಿಂದಿನ ಸೀಟೇ ಇಲ್ಲದ ಕಾರು ಹುಡುಕಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಪಟ್ಟಿಯಲ್ಲಿ ಇವರದು ದುಬಾರಿ ಮೂಗು.

6. ಸೋಗಾನೆ ಏರ್‌ಪೋರ್ಟ್ ರಸ್ತೆಯಲ್ಲಿ ಹಳೇ ಕಾರು ಮಾರುವ ನವೀನ್ ಎಂಬಾತನ ಬಳಿ ಎರಡು ಸಿಕ್ಕವು.

ಅ) ಹೊಸದು: ಐದು ವರ್ಷದ್ದು, ಕೆಂಪು, ಎರಡೇ ಸೀಟು. ಹಿಂದಿನ ಮಾಲೀಕರಿಗೆ ಮಗು ಹುಟ್ಟಿದ್ದರಿಂದ ಮಾರಾಟಕ್ಕಿದೆ. ಬ್ರೇಕು, ಏರ್‌ಬ್ಯಾಗು, ಎಸಿ ಎಲ್ಲ ಸರಿ. ಆದರೆ ನೆಲದಿಂದ ಒಂದು ಗೇಣೂ ಎತ್ತರವಿಲ್ಲ. ರಾಗಿಗುಡ್ಡದ ಹಂಪುಗಳನ್ನು ದಾಟಿಸಲು ನಾಲ್ಕು ಜನ ಎತ್ತಿ ಇಡಬೇಕು. ಒಂದು ಸೆನ್ಸರ್ ಮುನಿಸಿಕೊಂಡರೆ ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ.

ಆ) ಹಳೆಯದು: ಹದಿನೆಂಟು ವರ್ಷದ್ದು, ಹಳದಿ, ಬೆಲೆ ಅರ್ಧ. ಇಂಜಿನ್ನಿನ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ, ಕ್ಲಚ್ ಒತ್ತಿದರೆ ಸೊಂಟ. ಎಸಿ ಎಂದರೆ ಕಿಟಕಿ. ಹಿಂದೆ ಸೀಟು ಎಂಬ ಹೆಸರಿನ ಎರಡು ಗುಂಡಿಗಳಿದ್ದು, ಬೆಕ್ಕು ಆರಾಮವಾಗಿ ಕೂರಬಹುದು.

ಮೆಕ್ಯಾನಿಕ್ ಪರಶುರಾಮ ಎರಡರ ಅಡಿಗೂ ನುಸುಳಿ ಎದ್ದು ಹೇಳಿದ ಅಭಿಪ್ರಾಯವನ್ನು ಇದ್ದಂತೆ ದಾಖಲಿಸಲಾಗಿದೆ: "ನೋಡಿ ಸಾರ್, ಹಳೇದು ಕೆಟ್ರೆ ನಾನ್ ರಿಪೇರಿ ಮಾಡ್ತೀನಿ, ಆದ್ರೆ ದಿನಾ ಕೆಡುತ್ತೆ. ಹೊಸದು ಕೆಡಲ್ಲ, ಕೆಟ್ರೆ ನನ್ ಕೈಲಾಗಲ್ಲ. ಹಳೇದು ಭಾನುವಾರಕ್ಕೆ ಚೆಂದ. ದಿನಾ ಓಡ್ಸಕ್ಕೆ ಹೊಸದೇ ತಗಳಿ."

7. ಕಳೆದ ಭಾನುವಾರ ಓಡಿಸಿ ನೋಡಲು ತಾವೂ ಸೇರಿ ಮೂವರು ಹೋದದ್ದಾಯಿತು. ಮೊದಲು ಹಳದಿ ಕಾರು. ತಾವು ಮುಂದೆ, ಸುಮನಾ ಬೆಕ್ಕಿನ ಜಾಗದಲ್ಲಿ, ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು. ಆಮೇಲೆ ಕೆಂಪು ಕಾರು. ಅರ್ಜಿದಾರರು ಓಡಿಹೋಗಿ ಎಡಗಡೆಯ ಬಾಗಿಲು ತೆಗೆದು ಹಿಡಿದರು. ಹೆಂಡತಿಯ ಕಡೆ ನೋಡಿದರು. "ಬಾ ಸುಮಾ" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ತಾವು, "ಪರ್ವಾಗಿಲ್ವೋ, ಬಾಗ್ಲು ಹಿಡ್ಕೊಳೋ ಅಷ್ಟು ಮರ್ಯಾದೆ ಕಲ್ತಿದೀಯ," ಎಂದು ಒಳಗೆ ಕೂತು ಬೆಲ್ಟು ಹಾಕಿಕೊಂಡಿರಿ.

ಸುಮನಾ ತಮ್ಮ ಕೊಡೆ ಹಿಡಿದು ಬಿಸಿಲಲ್ಲಿ ನಿಂತಿದ್ದರು. "ನೀವಿಬ್ರೂ ಹೋಗ್ಬನ್ನಿ," ಎಂದರು. ತಂದೆ ಮಗ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಕೊಡೆ ನವೀನನ ಮೇಜಿನ ಮೇಲಿತ್ತು. ಅವರು ಆಟೋ ಹಿಡಿದು ಮನೆಗೆ ಹೋಗಿದ್ದರು.

8. ಆ ಮೇಲೆ ಅರ್ಜಿದಾರರಿಗೆ ಹೊಳೆದದ್ದೇನೆಂದರೆ, ಈಗಿನ ಕಾರಿನಲ್ಲಿ ಹೆಂಡತಿಗೆ ಹಿಂದೆಯಾದರೂ ಜಾಗವಿತ್ತು. ಎರಡು ಸೀಟಿನದಾದರೆ ಅವರು ಕಾರಿನಲ್ಲೇ ಇರುವುದಿಲ್ಲ. ಇದು ಒಂದನೇ ಕ್ಲಾಸಿನ ಲೆಕ್ಕ. ಇದನ್ನು ಹೇಳಿ ಅರ್ಜಿದಾರರು ಎರಡೂ ಕಾರುಗಳ ಫೋಟೋಗಳನ್ನು ಮೇಜಿನ ಮೇಲೆ ಕವುಚಿ ಹಾಕಿದರು. ಬರಹಗಾರನಿಗೂ ಹೆಂಡತಿಯಿರುವ ಕಾರಣ ಬರೆಯುವುದನ್ನು ನಿಲ್ಲಿಸಿ ಟೀ ತರಿಸಿದನು.

"ಮೇಡಂ ಬಸ್ಸಲ್ಲಿ ಎಲ್ಲಿ ಕೂರ್ತಾರೆ ಸಾರ್?" ಎಂದು ಕೇಳಿದನು.

"ಇಬ್ರ ಸೀಟಲ್ಲಿ. ಕಿಟಕಿ ಪಕ್ಕ."

"ಇನ್ನೊಂದು ಸೀಟಲ್ಲಿ?"

"ಯಾರೋ. ದಿನಾ ಬೇರೆ ಬೇರೆಯವ್ರು," ಎಂದರು. ಟೀ ಆರಿಹೋಯಿತು. ಆಮೇಲೆ, "ಮನೋಹರ್, ಮೊದ್ಲಿಂದ ಏನೇನ್ ಬರ್ದಿದೀರೋ ಹಾಗೇ ಇರ್ಲಿ. ಕೊನೇದೊಂದು ಬದಲಾಯಿಸಿ," ಎಂದರು.

ಆದ್ದರಿಂದ, ಕೆಂಪೂ ಬೇಡ, ಹಳದಿಯೂ ಬೇಡವೆಂದು ತೀರ್ಮಾನವಾಗಿದ್ದು, ವಿಷಯದಲ್ಲಿ ಕಾಣಿಸಿದ ಕೋರಿಕೆಯನ್ನು ಹಿಂಪಡೆಯಲಾಗಿದೆ. ಸೋಮವಾರದಿಂದ ಇಪ್ಪತ್ತಾರು ದಿನ ಅರ್ಜಿದಾರರು ಎಂಟೂ ಹತ್ತರ ಬಸ್ಸಿನಲ್ಲಿ ಭದ್ರಾವತಿಗೆ ಹೋಗುತ್ತಾರೆ. ಇದಕ್ಕೆ ಅನುಮತಿ ಕೋರಿಲ್ಲ. ಮಾಹಿತಿಗಾಗಿ ಮಾತ್ರ ಸಲ್ಲಿಸಿದೆ. ಪಕ್ಕದ ಸೀಟು ಕೊಡುವುದು ಬಿಡುವುದು ಸುಮನಾ ಅವರ ವಿವೇಚನೆಗೆ ಬಿಟ್ಟದ್ದು. ಅವರಿಗೆ ಇನ್ನೂ ತಿಳಿಸಿಲ್ಲ. ಕೊಡದಿದ್ದರೆ ನಿಂತುಕೊಂಡೇ ಹೋಗುತ್ತಾರಂತೆ.

ಇಂತಿ, ಹನ್ನೊಂದು ವರ್ಷ ತಮ್ಮ ಬಲಗಡೆ ಕೂತ ವಿಶ್ವಾಸಿ,
(ಸಹಿ) ಪ್ರಸನ್ನಕುಮಾರ್

ಲಗತ್ತುಗಳು (ಈ ಸಲ ಇವೆ):
1. ಎರಡೂ ಕಾರುಗಳ ಫೋಟೋ, ನವೀನನಿಗೆ ಹಿಂತಿರುಗಿಸುವುದು.
2. ಸುಮನಾ ಅವರ ವರ್ಗಾವಣೆ ಆದೇಶದ ಜೆರಾಕ್ಸ್.
3. ಈಗಿರುವ ಕಾರಿನ ಕೀ, ಒಂದು.

ವಿಶೇಷ ಸೂಚನೆ: ತಮಗೆ ಕಾರು ಓಡಿಸಲು ಬರುವುದಿಲ್ಲ ಎಂಬುದು ಅರ್ಜಿದಾರರ ಗಮನದಲ್ಲಿದೆ. ಆದಾಗ್ಯೂ ಮುಂದಿನ ಸೀಟು ಎಂದಿನಂತೆ ತಮ್ಮದೇ ಆಗಿರುವುದರಿಂದ, ಸದರಿ ಇಪ್ಪತ್ತಾರು ದಿನಗಳಂದು ತಾವು ಬೆಳಿಗ್ಗೆ ಎಂಟಕ್ಕೆ ಪೋರ್ಚಿಗೆ ಬಂದು, ಅಲ್ಲಿ ನಿಂತಿರುವ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡಿರಬೇಕಾಗಿ ಕೋರಲಾಗಿದೆ.