ಮಾಮನ ಜೇಬಿನ ಸ್ಕ್ರೂ

ಒಂದು ನಿಮಿಷ ಕೂತ್ಕೊಳ್ಳಿ, ಇದನ್ನು ಕೇಳದೆ ಏಳಬೇಡಿ. ಅಂಗಡಿಯನ್ನು ಹಾಗೇ ತೆರೆದಿಟ್ಟು, ಕತ್ತರಿಗೆ ಮಾತ್ರ ಬೀಗ ಹಾಕಿ ಹೋಗುವ ಮನುಷ್ಯ ಕಂಕನಾಡಿಯಲ್ಲಿ ಒಬ್ಬರೇ. ಅವರು ನನ್ನ ಮಾಮ, ಉಮ್ಮನ ಅಣ್ಣ.

ನೂಲು, ಲೇಸು, ಗುಂಡಿಯ ಅಂಗಡಿ ಅವರದ್ದು. ಕಾಲೇಜು ಮುಗಿಸಿ ನಾನೂ ಅಲ್ಲಿ ಕೂರ್ತೇನೆ. ಮಾಮ ನಮಾಜಿಗೆ ಹೊರಟರೆ ಗಲ್ಲೆಪೆಟ್ಟಿಗೆ ತೆರೆದೇ ಇರ್ತದೆ. ಆದರೆ ಕತ್ತರಿಯ ನಡುವಿನ ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡೇ ಹೋಗ್ತಾರೆ!

ಒಮ್ಮೆ ಒಬ್ಬರು ಟೀಚರ್ ಲೇಸಿಗೆ ಬಂದರು. "ಎದುರೇ ಕತ್ತರಿ ಉಂಟಲ್ಲ ಮಾರಾಯ್ತಿ, ಎರಡು ಮೀಟರ್ ಕೊಡ್ಲಿಕ್ಕೆ ಎಂತ ಕಷ್ಟ?"

"ಕತ್ತರಿ ಉಂಟು ಟೀಚರ್. ಅದರ ಜೀವ ಮಸೀದಿಗೆ ಹೋಗಿದೆ."

ಪಾಪ, ಸ್ಟೂಲಿನಲ್ಲಿ ಕೂತು ಕಾದರು. ಇನ್ನೊಮ್ಮೆ ಮಾಮನ ಅಂಗಿ ಸ್ಕ್ರೂ ಸಮೇತ ವಾಷಿಂಗ್ ಮೆಷಿನ್ ಸೇರಿತು. ಮಾಮ ಮೆಷಿನ್ ಎದುರು, ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದರು.

ನಾನು ಓದುವುದು ಬಿಕಾಂ. ಆದರೆ ತಲೆಯೊಳಗೆ ಇರುವುದೆಲ್ಲ ಜೀವಕೋಶ. ಪಂಪ್‌ವೆಲ್ಲಿನ ಟ್ರಾಫಿಕ್ ಬ್ಲಾಕಿನಲ್ಲಿ, ಬಸ್ಸಿನಲ್ಲಿ ನಿಂತು ವಿಡಿಯೋ ನೋಡಿ ಕಲಿತದ್ದು. ಕಲಿತದ್ದನ್ನು ಹೇಳ್ಲಿಕ್ಕೆ ಮಾಮ ಬಿಟ್ಟರೆ ಬೇರೆ ಯಾರು ಸಿಗ್ತಾರೆ?

"ಮಾಮ, ಡಿಎನ್ಎ ಅಂದರೆ ಉದ್ದ ನೂಲು. ಪ್ರೋಟೀನಿನ ಸಣ್ಣ ಸಣ್ಣ ರೀಲಿಗೆ ಸುತ್ತಿರ್ತದೆ. ಆ ಇಡೀ ಕಟ್ಟಿಗೆ ಕ್ರೊಮಾಟಿನ್ ಅಂತಾರೆ. ಕತ್ತರಿಸುವ ಎಂಜೈಮ್ ಉಂಟು, ಆದರೆ ಬಿಗಿಯಾಗಿ ಸುತ್ತಿದ ಕಡೆ ಅದರ ಬಾಯಿ ಹೋಗುವುದು ಕಷ್ಟ. ರೀಲು ರೀಲಿನ ನಡುವೆ ಸಡಿಲ ಇರುವಲ್ಲಿ ಕತ್ತರಿಸ್ತದೆ. ಅದಕ್ಕೂ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಂಥ ಲೋಹದ ಅಯಾನು ಬೇಕು. ಲ್ಯಾಬಿನವರು ಒಂದು ಮದ್ದು ಹಾಕಿ ಆ ಲೋಹವನ್ನು ಹಿಡಿದಿಟ್ಟರೆ, ಎಂಜೈಮ್ ಸುಮ್ಮನೆ ಬಿದ್ದಿರ್ತದೆ."

"ಹಾಗಾದರೆ ಆ ಮದ್ದು ನನ್ನ ಜೇಬು."

"ಅದೇ. ಆದರೆ ನೂಲಿನಲ್ಲಿ ಬರೆದದ್ದನ್ನು ಜೀವಕೋಶ ಓದಬೇಕಾದರೆ ಸ್ವಲ್ಪ ಬಿಚ್ಚಲೇಬೇಕು."

"ಸುತ್ತಿಯೇ ಇರಲಿ" ಅಂದರು ಮಾಮ. ಕಣ್ಣು ಗಾಜಿನ ಕಪಾಟಿನ ಹಸಿರು ರೀಲಿನ ಮೇಲಿತ್ತು.

ಇಷ್ಟೊತ್ತು ಮಾಮನ ಬಗ್ಗೆ ತಮಾಷೆ ಮಾಡಿದೆನಲ್ಲ, ಆ ಸ್ಕ್ರೂ ಜೇಬಿಗೆ ಹೋಗ್ಲಿಕ್ಕೆ ಕಾರಣ ನಾನೇ. ದೊಡ್ಡ ಲಡಿಯ ನೂಲನ್ನು ಸಣ್ಣ ಮರದ ರೀಲಿಗೆ ಸುತ್ತುತ್ತಿದ್ದದ್ದು ಮಾಮಿ. ಅವರು ತೀರಿಹೋಗುವ ಮೊದಲು ಕೊನೆಗೆ ಸುತ್ತಿದ್ದು ಆ ಹಸಿರು. ನನಗೆ ಗೊತ್ತಿರಲಿಲ್ಲ. ಮಾಮ ಶುಕ್ರವಾರದ ಜುಮಾ ನಮಾಜಿಗೆ ಹೋದಾಗ ಯಾರೋ ಹಸಿರು ಕೇಳಿದರು, ಎರಡು ಮೊಳ ಕತ್ತರಿಸಿ ಕೊಟ್ಟುಬಿಟ್ಟೆ. ಮಾಮ ಬೈಯಲಿಲ್ಲ. ಕತ್ತರಿಸಿದ ತುದಿಯನ್ನು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಮರುದಿನದಿಂದ ಸ್ಕ್ರೂ ಜೇಬಿಗೆ.

ಕಳೆದ ವಾರ ಅವರ ನಮಾಜಿನ ಚಾಪೆಯ ಅಂಚಿನ ಹೊಲಿಗೆ ಬಿಟ್ಟಿತು. ಅದನ್ನು ಹೊಲಿದದ್ದೂ ಮಾಮಿ, ಅದೇ ಹಸಿರು ನೂಲಿನಲ್ಲಿ.

"ಈ ಶೇಡಿನದ್ದು ಬೇರೆ ರೀಲು ತರುವ ಮಾಮ" ಅಂದೆ.

ಮಾಮ ಕಪಾಟು ತೆರೆದರು. ಜೇಬಿನಿಂದ ಸ್ಕ್ರೂ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಕತ್ತರಿಗೆ ಹಾಕು."

"ನಾನಾ?"

"ಮತ್ತೆ ಯಾರು? ಓದಬೇಕಾದರೆ ಬಿಚ್ಚಬೇಕು ಅಂತ ಹೇಳಿದ್ದು ನೀನಲ್ಲವಾ?"

ರೀಲು ಬಿಚ್ಚಿದ್ದು ಅವರೇ, ನಿಧಾನಕ್ಕೆ. ಮಾಮಿಯ ಕೈ ತಿರುಗಿದ ದಾರಿಯಲ್ಲೇ ನೂಲು ಒಂದೊಂದು ಸುತ್ತು ಹಿಂದೆ ಬಂತು. ಚಾಪೆಯ ಅಂಚಿಗೆ ಸಾಕಾಗುವಷ್ಟು, ಎರಡು ಮೊಳಕ್ಕೆ ನಿಲ್ಲಿಸಿದರು. ಕತ್ತರಿಸಿದ್ದು ನಾನು.

ಸ್ಕ್ರೂ ಈಗ ಕತ್ತರಿಯಲ್ಲೇ ಉಂಟು. ಆದರೂ ನಮಾಜಿಗೆ ಹೊರಡುವಾಗ ಮಾಮ ಒಮ್ಮೆ ಖಾಲಿ ಜೇಬು ಮುಟ್ಟಿ ನೋಡ್ತಾರೆ.

ನಿಮ್ಮ ಮನೆಯಲ್ಲೂ ಹೀಗೆ ಬಿಚ್ಚದೆ ಇಟ್ಟದ್ದು ಎಂತಾದರೂ ಉಂಟಾ? ಅದನ್ನು ಸುತ್ತಿಟ್ಟವರು ಯಾರು? ಬರೆದು ತಿಳಿಸಿ, ಮಾಮನಿಗೂ ಓದಿ ಹೇಳ್ತೇನೆ.